ಒಂದೇ ಹಲ್ಲಿಗೆ ಮೂವರು ಡಾಕ್ಟರು ಯಾಕೆ?

ಓದುಗರ ಪ್ರಶ್ನೆ: ನನಗೆ 41 ವರ್ಷ. ಕೆಳಗಿನ ಬಲಗಡೆಯ ದವಡೆ ಹಲ್ಲು ಎರಡು ವರ್ಷದಿಂದ ಹುಳುಕಾಗಿತ್ತು. ನೋವಿರಲಿಲ್ಲ, ಹಾಗಾಗಿ ಸುಮ್ನೆ ಬಿಟ್ಟಿದ್ದೆ. ಹೋದ ತಿಂಗಳು ಅದರ ಒಂದು ಮೂಲೆ ಮುರಿದು ಬಿತ್ತು. ಅವತ್ತು ರಾತ್ರಿಯೇ ನೋವು ಶುರುವಾಯಿತು. ನಾವು ಯಾವಾಗಲೂ ಹೋಗುವ ಡಾಕ್ಟರು ಎಕ್ಸ್-ರೇ ತೆಗೆದರು. ರೂಟ್ ಕೆನಾಲ್‌ಗೆ ಒಬ್ಬರ ಹತ್ತಿರ, ವಸಡಿಗೆ ಇನ್ನೊಬ್ಬರ ಹತ್ತಿರ, ಕ್ಯಾಪ್‌ಗೆ ಮತ್ತೊಬ್ಬರ ಹತ್ತಿರ ಹೋಗಿ ಅಂತ ಚೀಟಿ ಬರೆದುಕೊಟ್ಟರು. ನನ್ನ ವಸಡಿಗೆ ಏನೂ ಆಗಿಲ್ಲ. ಇದು ದುಡ್ಡು ಹಂಚಿಕೊಳ್ಳುವ ಆಟ ಅಂತ ನನ್ನ ಅನುಮಾನ. ಕೀಳಿಸಿ ಇಂಪ್ಲಾಂಟ್ ಹಾಕಿಸಿಕೋ, ಒಂದೇ ಸಲಕ್ಕೆ ಮುಗಿಯುತ್ತೆ ಅಂತ ಅಣ್ಣ ಹೇಳುತ್ತಾನೆ. ಇದರ ಮಧ್ಯೆ ಏಳು ವರ್ಷದ ಮಗಳ ಶಾಲೆಗೆ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ಡಾಕ್ಟರುಗಳ ತಂಡ ಬಂದಿತ್ತು. ಮಗುವಿಗೆ ಎರಡು ನಿಮಿಷದಂತೆ ನೋಡಿ, ಏನೋ ಅಂಕಿ ಕೂಗಿ, ಬರೆದುಕೊಂಡು ಹೋದರು. ಒಂದು ಹಲ್ಲನ್ನೂ ಮುಟ್ಟಲಿಲ್ಲ. ಮಗಳ ಚೀಟಿಯಲ್ಲಿ '46, ಹುಳುಕು, ತೋರಿಸಿ' ಅಂತಿದೆ. ಹಾಲು ಹಲ್ಲಲ್ವಾ, ಬಿದ್ದು ಹೋಗುತ್ತೆ ಅಂತ ಅಂದುಕೊಂಡಿದ್ದೇನೆ. ವಿಚಿತ್ರ ಅಂದ್ರೆ ನನ್ನ ಚೀಟಿಯಲ್ಲೂ 46 ಅಂತಲೇ ಇದೆ. ಒಬ್ಬರೇ ಎಲ್ಲ ಮಾಡೋಕೆ ಆಗಲ್ವಾ? ಬರೀ ಎಣಿಸಿಕೊಂಡು ಹೋಗುವವರನ್ನು ಡಾಕ್ಟರು ಅಂತ ಹೇಗೆ ಕರೆಯೋದು?

ಉತ್ತರ: ಎಣಿಸಿಕೊಂಡು ಹೋಗುವವರ ಪೈಕಿ ನಾನೂ ಒಬ್ಬಳು. ಹಾಗಾಗಿ ನಿಮ್ಮ ಕೊನೆಯ ಸಾಲು ಸ್ವಲ್ಪ ಚುಚ್ಚಿತು. ಪರವಾಗಿಲ್ಲ, ಅದಕ್ಕೆ ಆಮೇಲೆ ಬರೋಣ. ಮೊದಲು ಆ 46.

ಅದು ನಲವತ್ತಾರು ಅಲ್ಲ. 'ನಾಲ್ಕು, ಆರು' ಅಂತ ಬಿಡಿಸಿ ಓದಬೇಕು. ನಾವು ಬಾಯಿಯನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇವೆ. ಮೇಲಿನ ಬಲ ಒಂದು, ಮೇಲಿನ ಎಡ ಎರಡು, ಕೆಳಗಿನ ಎಡ ಮೂರು, ಕೆಳಗಿನ ಬಲ ನಾಲ್ಕು. ಆಮೇಲೆ ಎದುರಿನ ಎರಡು ಹಲ್ಲುಗಳ ನಡುವಿನಿಂದ ಹಿಂದಕ್ಕೆ ಒಂದೊಂದಾಗಿ ಎಣಿಸುತ್ತೇವೆ. ಆರನೆಯದು ಮೊದಲ ದೊಡ್ಡ ದವಡೆ ಹಲ್ಲು. ಹಾಲು ಹಲ್ಲಾಗಿದ್ದರೆ ಮೊದಲ ಅಂಕಿ ಐದರಿಂದ ಎಂಟರೊಳಗೆ ಇರುತ್ತದೆ. ಮಗಳ ಚೀಟಿಯಲ್ಲಿ 84 ಅಂತಲೋ 85 ಅಂತಲೋ ಇದ್ದಿದ್ದರೆ ನಿಮ್ಮ ಊಹೆ ಸರಿಯಾಗುತ್ತಿತ್ತು. 46 ಅಂದರೆ ಶಾಶ್ವತ ಹಲ್ಲು. ಹೋದರೆ ಇನ್ನೊಂದು ಬರುವುದಿಲ್ಲ.

ಅಂದರೆ ನಿಮ್ಮ ಬಾಯಲ್ಲಿ ಮುರಿದಿರುವುದೂ ಮಗಳ ಬಾಯಲ್ಲಿ ಈಗಷ್ಟೇ ಹುಳುಕು ಹಿಡಿದಿರುವುದೂ ಒಂದೇ ಜಾಗದ ಹಲ್ಲು. ನಡುವೆ 34 ವರ್ಷದ ಅಂತರ, ಅಷ್ಟೇ.

ಈ ಹಲ್ಲನ್ನು ಹಾಲು ಹಲ್ಲು ಅಂತ ತಿಳಿಯುವ ತಪ್ಪು ನಿಮ್ಮೊಬ್ಬರದೇ ಅಲ್ಲ. ಆರು ವರ್ಷದ ಹೊತ್ತಿಗೆ ಇದು ಬರುತ್ತದೆ. ಯಾವ ಹಲ್ಲನ್ನೂ ಉದುರಿಸಿಕೊಂಡು ಬರುವುದಿಲ್ಲ. ಹಾಲು ಹಲ್ಲುಗಳ ಹಿಂದೆ ಖಾಲಿ ಇದ್ದ ಜಾಗದಲ್ಲಿ ಸದ್ದಿಲ್ಲದೆ ಮೇಲೇಳುತ್ತದೆ. ಮನೆಯವರೆಲ್ಲ ಮುಂದಿನ ಹಲ್ಲು ಅಲುಗಾಡುವುದನ್ನು ನೋಡುತ್ತಾ ಇರುತ್ತಾರೆ, ಹಿಂದೆ ಬಂದವನನ್ನು ಯಾರೂ ಗಮನಿಸುವುದಿಲ್ಲ. ಪೂರ್ತಿ ಮೇಲೆ ಬರಲು ಎಷ್ಟೋ ತಿಂಗಳು ಬೇಕು. ಅಲ್ಲಿಯವರೆಗೆ ಅದು ಪಕ್ಕದ ಹಲ್ಲಿಗಿಂತ ಒಂದು ಮೆಟ್ಟಿಲು ಕೆಳಗಿರುತ್ತದೆ. ಬ್ರಷ್ಷು ಅದರ ಮೇಲಿಂದ ಹಾದು ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಮೇಲ್ಮೈ ತುಂಬಾ ಆಳವಾದ ಗೆರೆಗಳು. ಹೊಸ ಹಲ್ಲಿನ ಎನಾಮೆಲ್ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ ಬೇರೆ. ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಎಲ್ಲಕ್ಕಿಂತ ಮೊದಲು ಹುಳುಕಾಗುವುದು ಸಾಮಾನ್ಯವಾಗಿ ಇದೇ.

ಈಗ ನಿಮ್ಮ ಹಲ್ಲಿಗೆ ಬರುತ್ತೇನೆ.

ನಾನು ಎಕ್ಸ್-ರೇ ನೋಡಿಲ್ಲ. ಆದರೆ ನಿಮ್ಮ ಚೀಟಿಯಲ್ಲಿರುವ ಮೂರು ಹೆಸರು ಓದಿದರೆ ಆಗಿರಬಹುದಾದದ್ದು ಕಣ್ಣಿಗೆ ಕಟ್ಟುತ್ತದೆ. ಹುಳುಕು ಹಲ್ಲಿನ ನರದವರೆಗೆ ಹೋಗಿದೆ, ಅದಕ್ಕೇ ರಾತ್ರಿ ನೋವು. ಮುರಿದ ಮೂಲೆ ವಸಡಿನ ಅಂಚಿಗಿಂತ ಕೆಳಗೆ ಇಳಿದಿದೆ. ವಸಡಿನ ಡಾಕ್ಟರ ಹೆಸರು ಬಂದಿರುವುದು ಬಹುಶಃ ಇದಕ್ಕೆ. ನಿಮ್ಮ ವಸಡು ಕೆಟ್ಟಿದೆ ಅಂತ ಅಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಪ್ ಹಲ್ಲಿನ ಮೇಲೆ ನಿಲ್ಲುವುದು ಬರೀ ಅಂಟಿನಿಂದ ಅಲ್ಲ. ಕೆಳಗೆ ಸುತ್ತಲೂ ಸುಮಾರು 2 ಮಿಲಿಮೀಟರ್ ಎತ್ತರದ ಗಟ್ಟಿ ಹಲ್ಲು ಉಳಿದಿರಬೇಕು. ಕ್ಯಾಪಿನ ಅಂಚು ಅದನ್ನು ಬಳೆಯಂತೆ ತಬ್ಬಿ ಹಿಡಿಯುತ್ತದೆ. ಹಲ್ಲು ವಸಡಿನೊಳಗೇ ಮುರಿದಿದ್ದರೆ ಆ ಹಿಡಿತ ಸಿಗುವುದಿಲ್ಲ. ಇದ್ದದ್ದು ಇರಲಿ ಅಂತ ಕ್ಯಾಪಿನ ಅಂಚನ್ನು ವಸಡಿನ ಆಳಕ್ಕೆ ತಳ್ಳಿದರೆ ಇನ್ನೊಂದು ತೊಂದರೆ. ಮೂಳೆಯ ಮೇಲೆ ವಸಡು ಹಲ್ಲಿಗೆ ಅಂಟಿಕೊಂಡಿರುವ ಒಂದು ಪಟ್ಟಿ ಇದೆ, ಸರಾಸರಿ 2 ಮಿಲಿಮೀಟರ್ ಅಗಲ. ಅದನ್ನು ಒತ್ತಿದರೆ ದೇಹ ಸುಮ್ಮನಿರುವುದಿಲ್ಲ. ವಸಡು ಕೆಂಪಾಗಿ ರಕ್ತ ಬರುತ್ತಲೇ ಇರುತ್ತದೆ, ಕ್ರಮೇಣ ಮೂಳೆ ಹಿಂದೆ ಸರಿಯುತ್ತದೆ. ಹೀಗಾಗಿ ವಸಡನ್ನೂ, ಬೇಕಾದರೆ ಅದರ ಕೆಳಗಿನ ಮೂಳೆಯನ್ನೂ ಒಂದು ಚೂರು ಇಳಿಸಿ ಹಲ್ಲನ್ನು ಹೊರಗೆ ಕಾಣುವ ಹಾಗೆ ಮಾಡುತ್ತಾರೆ. ಇದಕ್ಕೆ ಕ್ರೌನ್ ಲೆಂಗ್ತನಿಂಗ್ ಅಂತ ಹೆಸರು. ಮಾಡುವವರು ವಸಡಿನ ತಜ್ಞರು, ಅಂದರೆ ಪೆರಿಯೋಡಾಂಟಿಸ್ಟ್.

ರೂಟ್ ಕೆನಾಲ್ ಮಾಡುವವರು ಎಂಡೋಡಾಂಟಿಸ್ಟ್. ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಅವುಗಳೊಳಗೆ ಮೂರು ಕಾಲುವೆ. ಕೆಲವರಿಗೆ ನಾಲ್ಕು. ಆ ಕಾಲುವೆಗೆ ಮೊದಲು ಇಳಿಸುವ, ಫೈಲ್ ಅನ್ನುವ ಸೂಜಿಯಂಥ ಸಲಕರಣೆಗಳಲ್ಲಿ ಒಂದರ ತುದಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಇರುತ್ತದೆ. ಕಾಲುವೆ ನೆಟ್ಟಗಿದ್ದರೆ ಮಾಮೂಲಿ ಡಾಕ್ಟರೇ ಚೆನ್ನಾಗಿ ಮಾಡಿ ಮುಗಿಸುತ್ತಾರೆ. ಸೊಟ್ಟಗಿದ್ದರೆ, ಸುಣ್ಣ ಕಟ್ಟಿ ಮುಚ್ಚಿಹೋಗಿದ್ದರೆ, ಹಿಂದೆ ಒಮ್ಮೆ ಮಾಡಿ ಕೆಟ್ಟಿದ್ದರೆ, ಮೈಕ್ರೋಸ್ಕೋಪ್ ಇಟ್ಟುಕೊಂಡು ದಿನವಿಡೀ ಇದನ್ನೇ ಮಾಡುವವರ ಕೈ ಬೇಕಾಗುತ್ತದೆ. ಮೂರನೆಯವರು ಪ್ರೊಸ್ತೋಡಾಂಟಿಸ್ಟ್. ಕ್ಯಾಪ್, ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರಿಸುವ ಕಟ್ಟಿದ ಹಲ್ಲು), ಹಲ್ಲು ಸೆಟ್ ಅವರ ಕೆಲಸ.

ಹಾಗಾದರೆ ದುಡ್ಡಿನ ಆಟ ಅಲ್ಲವೇ ಅಲ್ಲ ಅಂತ ನಾನು ಪ್ರಮಾಣ ಮಾಡುತ್ತೇನಾ? ಇಲ್ಲ. ಬೇಡದ ಚಿಕಿತ್ಸೆ ಹೇಳುವವರು ಎಲ್ಲ ಕಸುಬಿನಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಆದರೆ ನನ್ನ ಅನುಭವದಲ್ಲಿ ತನ್ನ ಕೈಯಿಂದ ಕೆಲಸ ಬಿಟ್ಟುಕೊಟ್ಟು ಬೇರೆಯವರ ಹತ್ತಿರ ಕಳಿಸುವ ಡಾಕ್ಟರಿಗಿಂತ, 'ಎಲ್ಲ ನಾನೇ ಮಾಡಿಬಿಡ್ತೀನಿ' ಅನ್ನುವವರ ಬಗ್ಗೆ ಜಾಸ್ತಿ ಎಚ್ಚರ ಬೇಕು.

ನಿಮ್ಮ ವಿಷಯದಲ್ಲಿ ನನಗೆ ಕಾಣುವ ಅಪಾಯವೇ ಬೇರೆ. ಮೂವರಲ್ಲಿ ಪೂರ್ತಿ ಹಲ್ಲನ್ನು ನೋಡುವವರು ಯಾರು? ರೂಟ್ ಕೆನಾಲ್ ಅಚ್ಚುಕಟ್ಟಾಗಿ ಮುಗಿಯುತ್ತದೆ. ಎರಡು ತಿಂಗಳ ನಂತರ ಕ್ಯಾಪ್ ಹಾಕಲು ಹೋದಾಗ 'ಇದರಲ್ಲಿ ಹಿಡಿತವೇ ಇಲ್ಲವಲ್ಲ, ಕೀಳಬೇಕು' ಅನ್ನುತ್ತಾರೆ. ಇಂಥದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ. ಯಾರೂ ತಪ್ಪು ಮಾಡಿರುವುದಿಲ್ಲ, ಆದರೆ ಹಲ್ಲು ಹೋಗಿರುತ್ತದೆ, ಖರ್ಚೂ ಆಗಿರುತ್ತದೆ. ಅದಕ್ಕೇ ಹೇಳುವುದು, ಪೂರ್ತಿ ರೂಟ್ ಕೆನಾಲ್ ಮಾಡಿಸುವ ಮೊದಲೇ ನಿಮ್ಮ ಮಾಮೂಲಿ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: 'ಇದೆಲ್ಲ ಆದಮೇಲೆ ಕ್ಯಾಪ್ ನಿಲ್ಲುವಷ್ಟು ಹಲ್ಲು ಉಳಿಯುತ್ತಾ? ಅದನ್ನು ಯಾರು ನೋಡಿ ಹೇಳಿದ್ದಾರೆ?' ನೋವು ಜೋರಾಗಿದ್ದರೆ ಹಲ್ಲು ತೆರೆದು ನರ ತೆಗೆದು ತಾತ್ಕಾಲಿಕವಾಗಿ ಮುಚ್ಚಬಹುದು. ಆಮೇಲೆ ಹುಳುಕೆಲ್ಲ ಕೆರೆದು, ಉಳಿದದ್ದು ಎಷ್ಟು ಅಂತ ಕಣ್ಣಾರೆ ನೋಡಿ ಮುಂದಿನದನ್ನು ತೀರ್ಮಾನಿಸಬಹುದು. ದವಡೆ ಹಲ್ಲಿನಲ್ಲಿ ಇನ್ನೊಂದು ಸಂಗತಿ ಇದೆ. ಬೇರುಗಳು ಕವಲೊಡೆಯುವ ಜಾಗ ವಸಡಿಗೆ ತೀರ ಹತ್ತಿರ ಇದ್ದರೆ ಕ್ರೌನ್ ಲೆಂಗ್ತನಿಂಗ್ ಮಾಡಿದಾಗ ಆ ಕವಲು ಹೊರಗೆ ಬಂದುಬಿಡುತ್ತದೆ. ಅಲ್ಲಿ ಕೊಳೆ ಕೂತರೆ ತೆಗೆಯುವುದು ಕಷ್ಟ. ಆಗ ವಸಡಿನ ಡಾಕ್ಟರೇ 'ಬೇಡ' ಅನ್ನಬಹುದು. ಅವರ ಹತ್ತಿರ ಹೋಗುವುದರಿಂದ ಸಿಗುವ ದೊಡ್ಡ ಲಾಭ ಕೆಲವೊಮ್ಮೆ ಈ 'ಬೇಡ'ವೇ.

ಹಲ್ಲು ಉಳಿಯುತ್ತೆ ಅಂತಾದರೆ, ವಸಡು ಮಾಗಲು ಕೆಲವು ವಾರ ಕೊಟ್ಟು ಕ್ಯಾಪ್ ಹಾಕಿಸಿ. ರೂಟ್ ಕೆನಾಲ್ ಮುಗಿಯಿತು, ನೋವು ಹೋಯಿತು, ಕ್ಯಾಪ್ ಆಮೇಲೆ ನೋಡೋಣ ಅಂತ ಮಾತ್ರ ಮುಂದೂಡಬೇಡಿ. ಮೊದಲೇ ಮುರಿದು ಟೊಳ್ಳಾದ ದವಡೆ ಹಲ್ಲು ಅಗಿಯುವಾಗ ಉದ್ದಕ್ಕೆ ಸೀಳಿದರೆ ಅದನ್ನು ಉಳಿಸಲು ಯಾವ ತಜ್ಞರಿಂದಲೂ ಆಗುವುದಿಲ್ಲ.

ಅಣ್ಣ ಹೇಳಿದ ಇಂಪ್ಲಾಂಟ್ ಒಳ್ಳೆಯ ಚಿಕಿತ್ಸೆಯೇ. ಆದರೆ 'ಒಂದೇ ಸಲಕ್ಕೆ ಮುಗಿಯುತ್ತೆ' ಅನ್ನುವುದು ಸುಳ್ಳು. ಕಿತ್ತ ಜಾಗ ಮಾಗಬೇಕು, ಟೈಟಾನಿಯಂ ತಿರುಪಿಗೆ ಮೂಳೆ ಕೂಡಿಕೊಳ್ಳಬೇಕು, ಆಮೇಲೆ ಮೇಲಿನ ಹಲ್ಲು. ಹೆಚ್ಚಿನವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಂಪ್ಲಾಂಟ್ ಹುಳುಕಾಗುವುದಿಲ್ಲ ನಿಜ, ಆದರೆ ಅದರ ಸುತ್ತಲಿನ ವಸಡು ಮತ್ತು ಮೂಳೆಗೆ ಸೋಂಕು ತಗುಲಬಹುದು. ತಂಬಾಕು ಸೇವಿಸುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಈ ಅಪಾಯ ಜಾಸ್ತಿ. ಬ್ರಿಡ್ಜ್ ಮಾಡಿಸಿದರೆ ಬೇಗ ಮುಗಿಯುತ್ತದೆ, ಆದರೆ ಅಕ್ಕಪಕ್ಕದ ಚೆನ್ನಾಗಿರುವ ಎರಡು ಹಲ್ಲುಗಳನ್ನು ಅರೆಯಬೇಕು. ಕೀಳಿಸಿ ಜಾಗ ಖಾಲಿ ಬಿಡುವುದೂ ಒಂದು ದಾರಿ. ಪಕ್ಕದ ಹಲ್ಲು ಆ ಕಡೆಗೆ ವಾಲಬಹುದು, ಮೇಲಿನ ಹಲ್ಲು ಕೆಳಗೆ ಇಳಿಯಬಹುದು. ಎಲ್ಲರಿಗೂ ಹಾಗೆ ಆಗಿಯೇ ಆಗುತ್ತದೆ ಅಂತೇನಿಲ್ಲ. 41ರ ವಯಸ್ಸಿನಲ್ಲಿ ಮುಖ್ಯವಾಗಿ ಅಗಿಯುವ ಹಲ್ಲನ್ನು ಬಿಟ್ಟುಕೊಡುವ ಮುಂಚೆ ಉಳಿಸಲು ಒಂದು ಪ್ರಯತ್ನ ಮಾಡಿ ಅನ್ನುವುದು ನನ್ನ ಮಾತು.

ನೋವಿನ ಮಾತ್ರೆ, ಆಂಟಿಬಯಾಟಿಕ್ ನುಂಗಿ ದಿನ ದೂಡುವುದನ್ನು ಮಾತ್ರ ದಾರಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಉರಿಯುತ್ತಿರುವ ನರವನ್ನು ಆಂಟಿಬಯಾಟಿಕ್ ವಾಸಿ ಮಾಡುವುದಿಲ್ಲ. ಕೆಲವು ದಿನಕ್ಕೆ ನೋವು ತಾನಾಗಿ ನಿಲ್ಲಬಹುದು. ಅದು ವಾಸಿಯಾಗಿ ನಿಂತದ್ದಲ್ಲ, ನರ ಸತ್ತು ನಿಂತದ್ದು. ಮುಂದೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ದವಡೆಯ ಕೆಳಗೆ ಊತ ಹರಡಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಅಪಾಯಿಂಟ್‌ಮೆಂಟ್ ಕಾಯಬೇಡಿ. ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ. ಉಸಿರಿನ ದಾರಿಯೇ ಮುಚ್ಚಿಹೋಗಬಹುದಾದ ಸ್ಥಿತಿ ಅದು.

ಇಷ್ಟೊಂದು ವಿಭಾಗ ಯಾಕೆ ಅಂತ ಕೇಳಿದ್ದೀರಿ. ಮೊದಲು ಇರಲಿಲ್ಲ. ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು. ಬೇರೆಯಾಗಿ ನಿಂತವರಲ್ಲಿ ಮೊದಲಿಗರು ಹಲ್ಲಿಗೆ ಕ್ಲಿಪ್ ಹಾಕುವವರು. ಎಡ್ವರ್ಡ್ ಆಂಗಲ್ ಎಂಬ ಡಾಕ್ಟರು 1900ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅದಕ್ಕೆಂದೇ ಶಾಲೆ ತೆರೆದರು. ಆಮೇಲೆ ಒಂದೊಂದೇ ಕವಲೊಡೆಯುತ್ತಾ ಬಂತು. ಇವತ್ತು ಭಾರತದಲ್ಲಿ ಎಂ.ಡಿ.ಎಸ್., ಅಂದರೆ ಹಲ್ಲಿನ ಡಾಕ್ಟರುಗಳ ಸ್ನಾತಕೋತ್ತರ ಪದವಿ, ಓದಲು ಒಂಬತ್ತು ವಿಭಾಗ ಇವೆ, ಅಮೆರಿಕದಲ್ಲಿ ಹನ್ನೆರಡಕ್ಕೆ ಮಾನ್ಯತೆ ಇದೆ. ದವಡೆ ಮುರಿದರೆ, ಹುದುಗಿರುವ ಬುದ್ಧಿ ಹಲ್ಲು ತೆಗೆಯಬೇಕಾದರೆ ಬಾಯಿ ಮತ್ತು ಮುಖದ ಸರ್ಜನ್. ಬಾಯಿಯ ಹುಣ್ಣು, ಬಿಳಿ ಮಚ್ಚೆ, ಉರಿ, ದವಡೆ ಕೀಲಿನ ನೋವಿಗೆ ಓರಲ್ ಮೆಡಿಸಿನ್. ಮಕ್ಕಳಿಗೆ ಪೀಡೋಡಾಂಟಿಸ್ಟ್. ಇನ್ನೊಬ್ಬರಿದ್ದಾರೆ, ಓರಲ್ ಪೆಥಾಲಜಿಸ್ಟ್. ನೀವು ಅವರ ಮುಖ ನೋಡುವುದೇ ಇಲ್ಲ. ನಿಮ್ಮ ಬಾಯಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವವರು ಅವರು. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ತೋರಿಸಿ ಅಂತ ನಾವೆಲ್ಲ ಬಡಿದುಕೊಳ್ಳುವುದು ಆ ಚೂರು ಬೇಗ ಅವರ ಕೈ ಸೇರಲಿ ಅಂತಲೇ.

ಇದರಲ್ಲಿ ಮೇಲು ಕೀಳು ಇಲ್ಲ. ತಜ್ಞರು ಅಂದರೆ ಮಾಮೂಲಿ ಡಾಕ್ಟರಿಗಿಂತ ದೊಡ್ಡವರು ಅಂತ ಅರ್ಥ ಅಲ್ಲ. ಒಂದು ಕೆಲಸವನ್ನು ಆಳವಾಗಿ ಕಲಿತವರು, ಅಷ್ಟೇ. ಬೋರ್ಡಿನ ಮೇಲೆ 'ಇಂಪ್ಲಾಂಟ್ ಸ್ಪೆಷಲಿಸ್ಟ್', 'ಕಾಸ್ಮೆಟಿಕ್ ಸ್ಪೆಷಲಿಸ್ಟ್' ಅಂತ ನೋಡಿರುತ್ತೀರಿ, ಅಲ್ವಾ? ಆ ಒಂಬತ್ತರಲ್ಲೂ ಹನ್ನೆರಡರಲ್ಲೂ ಈ ಎರಡು ಹೆಸರು ಇಲ್ಲ. ಇಂಪ್ಲಾಂಟನ್ನು ಸರ್ಜನ್, ವಸಡಿನ ತಜ್ಞರು, ಪ್ರೊಸ್ತೋಡಾಂಟಿಸ್ಟ್ ಎಲ್ಲರೂ ಹಾಕುತ್ತಾರೆ, ತರಬೇತಿ ಪಡೆದ ಮಾಮೂಲಿ ಡಾಕ್ಟರೂ ಹಾಕುತ್ತಾರೆ. 'ನೀವು ಎಲ್ಲಿ ಕಲಿತಿರಿ, ಇಂಥ ಹಲ್ಲು ಎಷ್ಟು ಮಾಡಿದ್ದೀರಿ' ಅಂತ ಕೇಳುವುದರಲ್ಲಿ ಮುಜುಗರ ಬೇಡ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ.

ಇನ್ನು ಎಣಿಸುವವರ ಕಥೆ.

ನಿಮ್ಮ ಡಾಕ್ಟರಿಗೆ ಪೇಷೆಂಟು ಅಂದರೆ ನೀವು. ನನಗೆ ಪೇಷೆಂಟು ಅಂದರೆ ಒಂದು ಇಡೀ ಊರು. ಊರಿಗೆ ಹುಳುಕು ಎಷ್ಟಿದೆ, ಯಾರಲ್ಲಿ ಜಾಸ್ತಿ, ಯಾಕೆ ಜಾಸ್ತಿ, ಹೋದ ಐದು ವರ್ಷದಲ್ಲಿ ಏರಿತೋ ಇಳಿಯಿತೋ, ಇದನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿ ನೋಡಲು ಆಗುವುದಿಲ್ಲ. ಎಣಿಸಿಯೇ ತಿಳಿಯಬೇಕು. ಶಾಲೆಯಲ್ಲಿ ಅಂಕಿ ಕೂಗುತ್ತಿದ್ದುದು ಅದಕ್ಕೆ. ಮೊದಲು ಹಲ್ಲಿನ ನಂಬರು, ಆಮೇಲೆ ಅದರ ಸ್ಥಿತಿಗೊಂದು ಅಂಕಿ. ಹುಳುಕಾದದ್ದು, ಹುಳುಕಿನಿಂದ ಕಳೆದುಹೋದದ್ದು, ಫಿಲ್ಲಿಂಗ್ ಆದದ್ದು, ಮೂರನ್ನೂ ಕೂಡಿಸಿದರೆ ಆ ಮಗುವಿನ ಲೆಕ್ಕ ಸಿಗುತ್ತದೆ. 1938ರಲ್ಲಿ ಕ್ಲೈನ್, ಪಾಮರ್ ಮತ್ತು ನಟ್ಸನ್ ಎಂಬ ಮೂವರು ಹಾಕಿಕೊಟ್ಟ ಲೆಕ್ಕ ಇದು. ಜಗತ್ತಿನ ಎಲ್ಲ ಕಡೆ ಇವತ್ತಿಗೂ ಇದರಲ್ಲೇ ಎಣಿಸುತ್ತೇವೆ, ಹಾಗಾಗಿ ಒಂದು ಊರನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಅವರ ಕೈಯಲ್ಲಿದ್ದ ಕಡ್ಡಿಯನ್ನು ಮಗಳು ನೋಡಿರುತ್ತಾಳೆ, ಕೇಳಿ. ತುದಿ ಚೂಪಾಗಿರುವುದಿಲ್ಲ. ಅರ್ಧ ಮಿಲಿಮೀಟರಿನ ಪುಟ್ಟ ಗುಂಡು ಇರುತ್ತದೆ. ಚೂಪು ಕಡ್ಡಿಯನ್ನು ಒತ್ತಿದರೆ ಮೆತ್ತಗಾಗಲು ಶುರುವಾದ ಎನಾಮೆಲ್ ಕುಸಿದುಬಿಡಬಹುದು. ಆ ಹಂತದ ಹುಳುಕು ಫ್ಲೋರೈಡ್‌ನಿಂದ ಮತ್ತೆ ಗಟ್ಟಿಯಾಗುವ ಸಾಧ್ಯತೆ ಇರುತ್ತದೆ. ನಾವೇ ಚುಚ್ಚಿ ಗುಂಡಿ ಮಾಡಬಾರದಲ್ಲ.

ಇದರಿಂದ ಒಂದು ಎಚ್ಚರಿಕೆಯೂ ಬರುತ್ತದೆ. ಇಂಥ ಸರ್ವೇಯಲ್ಲಿ ಸಾಮಾನ್ಯವಾಗಿ ಎಕ್ಸ್-ರೇ ಇರುವುದಿಲ್ಲ. ಖಚಿತವಾಗಿ ಗುಂಡಿ ಬಿದ್ದದ್ದನ್ನು ಮಾತ್ರ ಹುಳುಕು ಅಂತ ಬರೆಯುತ್ತೇವೆ, ಅನುಮಾನ ಇದ್ದರೆ ಚೆನ್ನಾಗಿದೆ ಅಂತಲೇ ಬರೆಯುತ್ತೇವೆ. ಎರಡು ಹಲ್ಲುಗಳ ಸಂದಿಯಲ್ಲಿ ಅಡಗಿರುವುದು ನಮಗೆ ಕಾಣುವುದಿಲ್ಲ. ಚೀಟಿಯಲ್ಲಿ ಏನೂ ಬರೆಯದೇ ಬಂದ ಮಕ್ಕಳಿಗೆ ಹುಳುಕೇ ಇಲ್ಲ ಅಂತ ಅಂದುಕೊಳ್ಳಬಾರದು. ಆದರೆ ಹುಳುಕು ಅಂತ ಬರೆದಿದ್ದರೆ ಅದು ಇದ್ದೇ ಇದೆ ಅಂತ ತಿಳಿಯಿರಿ.

ಎಣಿಕೆಯಿಂದ ಏನು ಬರುತ್ತೆ ಅಂತೀರಾ? 1901ರಲ್ಲಿ ಫ್ರೆಡೆರಿಕ್ ಮೆಕೇ ಎಂಬ ಯುವ ಡಾಕ್ಟರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲಿ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಕಲೆ. ಒಬ್ಬೊಬ್ಬರನ್ನೇ ಕೂರಿಸಿ ಕಲೆ ಉಜ್ಜಿ ಕಳಿಸಿದ್ದರೆ ಅವರ ಜೀವನ ಸುಖವಾಗಿ ನಡೆಯುತ್ತಿತ್ತು. ಅವರು ಎಣಿಸಲು ಕೂತರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ನೂರಕ್ಕೆ ಹತ್ತಿರ ಹತ್ತಿರ 90 ಮಕ್ಕಳಿಗೆ ಕಲೆ ಇತ್ತು. ಇನ್ನೊಂದು ಸಂಗತಿಯೂ ಕಂಡಿತು, ಅದು ಯಾರೂ ಹುಡುಕದೇ ಇದ್ದದ್ದು. ಕಲೆ ಇದ್ದ ಹಲ್ಲುಗಳು ಅಷ್ಟು ಸುಲಭಕ್ಕೆ ಹುಳುಕಾಗುತ್ತಿರಲಿಲ್ಲ. ಅಮೆರಿಕದ್ದೇ ಐಡಾಹೋ ರಾಜ್ಯದ ಓಕ್ಲಿ ಊರಿನವರು ಹೊಸ ನೀರಿನ ಪೈಪು ಬಂದಮೇಲೆ ಮಕ್ಕಳ ಹಲ್ಲಿಗೆ ಕಲೆ ಬಂತು ಅಂದಾಗ ಮೆಕೇ ಆ ನೀರು ಕುಡಿಯುವುದನ್ನು ಬಿಡಿ ಅಂದರು. ಬಿಟ್ಟರು. ಮುಂದೆ ಬಂದ ಹಲ್ಲುಗಳು ಬೆಳ್ಳಗೆ ಬಂದವು. ನೀರಿನಲ್ಲಿ ಏನೋ ಇದೆ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲು ಮಾತ್ರ 1931 ಆಗಬೇಕಾಯಿತು. ಚರ್ಚಿಲ್ ಎಂಬ ಅಲ್ಯೂಮಿನಿಯಂ ಕಂಪನಿಯ ರಸಾಯನ ತಜ್ಞರು ಅದು ಫ್ಲೋರೈಡ್ ಅಂತ ಕಂಡುಹಿಡಿದರು. ಆಮೇಲೆ ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ಡಾಕ್ಟರು ಊರೂರು ಅಲೆದು ಮಕ್ಕಳ ಹಲ್ಲು ಎಣಿಸಿದರು, ನೀರು ಅಳೆದರು. ಲೀಟರಿಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿ ಹುಳುಕು ಕಡಿಮೆ, ಎದ್ದು ಕಾಣುವ ಕಲೆಯೂ ಇಲ್ಲ ಅನ್ನುವ ಅಳತೆ ಅಲ್ಲಿಂದ ಬಂತು. 1945ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ನೀರಿಗೆ ಅಷ್ಟು ಫ್ಲೋರೈಡ್ ಸೇರಿಸಿದರು. 11 ವರ್ಷದ ನಂತರ, ಸೇರಿಸಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ನೂರಕ್ಕೆ 60ಕ್ಕಿಂತ ಜಾಸ್ತಿ ಇಳಿದಿತ್ತು.

ಇವತ್ತು ಫ್ಲೋರೈಡ್ ಪೇಸ್ಟ್ ಮನೆಮನೆಗೆ ಬಂದಿರುವುದರಿಂದ ನೀರಿನಿಂದ ಸಿಗುವ ಹೆಚ್ಚಿನ ಲಾಭ ಅಷ್ಟು ದೊಡ್ಡದಾಗಿ ಉಳಿದಿಲ್ಲ. ನೀರಿನಲ್ಲಿ ತಾನಾಗಿಯೇ ಫ್ಲೋರೈಡ್ ಜಾಸ್ತಿ ಇರುವ ಊರುಗಳಲ್ಲಿ ಸಮಸ್ಯೆ ಉಲ್ಟಾ, ಅಲ್ಲಿ ಅದನ್ನು ತೆಗೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಯಾವ ಊರಿಗೆ ಸೇರಿಸಬೇಕು, ಯಾವ ಊರಲ್ಲಿ ತೆಗೆಯಬೇಕು ಅಂತ ಹೇಳಲೂ ಯಾರಾದರೂ ಎಣಿಸಲೇಬೇಕು. ಅದೇ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆ ಇದೆ, ಅದರಲ್ಲಿ ಚಿಕಿತ್ಸೆಯಾಗದ ಶಾಶ್ವತ ಹಲ್ಲಿನ ಹುಳುಕೇ ಸುಮಾರು 200 ಕೋಟಿ ಜನಕ್ಕೆ. ಒಂದೊಂದೇ ಹಲ್ಲು ಕೊರೆದು ತುಂಬಿಸಿ ಮುಗಿಸುವ ಲೆಕ್ಕ ಅಲ್ಲ ಅದು.

ಆದರೂ ನಿಮ್ಮ ಸಿಟ್ಟಿನಲ್ಲಿ ನಿಜ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಶಾಲೆಯಲ್ಲಿ ಮೂರು ದಿನ ಕೂತು ಎಣಿಸಿ ಬಂದಿದ್ದೆ. ಮರುವರ್ಷ ಅದೇ ಮಕ್ಕಳನ್ನು ನೋಡಲು ಹೋದಾಗ ಗೇಟಿನ ಹತ್ತಿರ ಒಬ್ಬ ತಾಯಿ ನಿಲ್ಲಿಸಿದರು. ಕೈಯಲ್ಲಿ ಹೋದ ವರ್ಷದ ಚೀಟಿ, ನಾಲ್ಕು ಮಡಿಕೆ ಮಾಡಿದ್ದು, ಮಡಿಕೆಗಳಲ್ಲಿ ಹರಿದಿತ್ತು. ಅಷ್ಟು ದಿನ ಜೋಪಾನ ಮಾಡಿ ಇಟ್ಟಿದ್ದರು. 'ತೋರಿಸಿ ಅಂತ ಬರೆದಿದ್ದೀರಿ. ಎಲ್ಲಿ ತೋರಿಸಬೇಕು ಅಂತ ಬರೆದಿಲ್ಲವಲ್ಲ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗನ ಹಲ್ಲಿನಲ್ಲಿ ಬೇರು ಮಾತ್ರ ಉಳಿದಿತ್ತು. ಅಲ್ಲಿಂದಾಚೆಗೆ, ಹುಳುಕು ಸಿಕ್ಕ ಮಕ್ಕಳು ಎಲ್ಲಿಗೆ ಹೋಗಬೇಕು, ಅಲ್ಲಿ ಯಾರು ನೋಡುತ್ತಾರೆ ಅಂತ ಗೊತ್ತುಮಾಡಿಕೊಳ್ಳದೆ ನಾನು ಯಾವ ಶಾಲೆಯ ಗೇಟನ್ನೂ ದಾಟಿಲ್ಲ.

ಶಾಲೆಯಲ್ಲೇ ಯಾಕೆ ಮಾಡಲಿಲ್ಲ ಅಂದರೆ, ತಂದೆತಾಯಿಯ ಒಪ್ಪಿಗೆ ಬೇಕು, ಬೆಳಕು ಬೇಕು, ಪ್ರತಿ ಮಗುವಿಗೂ ಪೂರ್ತಿ ರೋಗಾಣುಮುಕ್ತ ಮಾಡಿದ ಸಲಕರಣೆ ಬೇಕು, ನಾಳೆ ನೋವು ಬಂದರೆ ನೋಡುವವರು ಬೇಕು. ಇಷ್ಟೂ ಇದ್ದರೆ ಶಾಲೆಯಲ್ಲಿ ಒಳ್ಳೆಯ ಕೆಲಸ ಮಾಡಬಹುದು. ದವಡೆ ಹಲ್ಲಿನ ಗೆರೆಗಳಿಗೆ ಅವನ್ನು ಮುಚ್ಚುವ ಸೀಲೆಂಟ್ ಎಂಬ ಲೇಪ ಹಚ್ಚಬಹುದು. ಕೊರೆಯುವ ಮೆಷಿನ್ ಇಲ್ಲದೆ, ಕೈ ಸಲಕರಣೆಯಲ್ಲೇ ಹುಳುಕು ಕೆರೆದು ಹಲ್ಲಿಗೆಂದೇ ಇರುವ ಸಿಮೆಂಟು ತುಂಬುವ ವಿಧಾನವೂ ಇದೆ. 1980ರ ದಶಕದಲ್ಲಿ, ಕರೆಂಟು ಸಿಗದ ಕಡೆಗಳಿಗೆಂದು, ಟಾಂಜಾನಿಯಾದಲ್ಲಿ ಶುರುವಾದದ್ದು ಅದು. ನಿಮ್ಮ ಶಾಲೆಯವರನ್ನು ಕೇಳಿ, ತಂಡ ಮತ್ತೆ ಬರುತ್ತದಾ, ಚೀಟಿ ಸಿಕ್ಕ ಮಕ್ಕಳಿಗೆ ಮುಂದೇನು ಅಂತ. ಹತ್ತು ಜನ ಕೇಳಿದರೆ ಉತ್ತರ ಬರುತ್ತದೆ.

ಮಗಳ 46ಕ್ಕೆ ಏನು ಮಾಡಿಸಬೇಕು ಅನ್ನುವುದು ಹುಳುಕು ಎಷ್ಟು ಆಳ ಹೋಗಿದೆ ಅನ್ನುವುದರ ಮೇಲಿದೆ. ಮೇಲುಮೇಲೆ ಇದ್ದರೆ ಒಂದು ಸಣ್ಣ ಫಿಲ್ಲಿಂಗ್, ಉಳಿದ ಗೆರೆಗಳಿಗೆ ಸೀಲೆಂಟ್. ಬಾಯಿ ತೆರೆಯಲು ತೀರಾ ಹೆದರುವ ಮಗುವಾದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣವನ್ನು ಹಚ್ಚಿ ಹುಳುಕನ್ನು ಅಲ್ಲೇ ನಿಲ್ಲಿಸಲು ನೋಡಬಹುದು. ಸೂಜಿ ಇಲ್ಲ, ಕೊರೆತ ಇಲ್ಲ. ಆದರೆ ಹುಳುಕಾದ ಜಾಗ ಕಪ್ಪಾಗಿಯೇ ಉಳಿಯುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಬೈಗುಳ ತಿನ್ನುವುದು ನಾವು. ಗುಂಡಿ ಆಳವಾಗಿದ್ದರೆ ಖಂಡಿತ ಮಕ್ಕಳ ಹಲ್ಲಿನ ತಜ್ಞರಿಗೇ ತೋರಿಸಿ. ಏಳು ವರ್ಷಕ್ಕೆ ಈ ಹಲ್ಲಿನ ಬೇರು ಇನ್ನೂ ಬೆಳೆಯುತ್ತಿರುತ್ತದೆ, ತುದಿ ಮುಚ್ಚಲು ಒಂಬತ್ತೋ ಹತ್ತೋ ಆಗಬೇಕು. ನಿಮಗೆ ಮಾಡುವ ಹಾಗೆ ನರ ತೆಗೆದರೆ ಬೇರಿನ ಬೆಳವಣಿಗೆ ನಿಂತುಬಿಡುತ್ತದೆ, ಗೋಡೆ ತೆಳ್ಳಗೇ ಉಳಿಯುತ್ತದೆ. ಹಾಗಾಗಿ ನರವನ್ನು ಆದಷ್ಟು ಜೀವಂತ ಉಳಿಸಿಕೊಳ್ಳುವ ಚಿಕಿತ್ಸೆ ಬೇರೆಯೇ ಇದೆ. ಅದು ಅವರ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಉಳಿದ ಮೂರು ಆರನೇ ಹಲ್ಲುಗಳನ್ನೂ, ಅಂದರೆ 16, 26, 36, ಅವತ್ತೇ ನೋಡಲು ಹೇಳಿ.

ಮನೆಯಲ್ಲಿ ಇವತ್ತು ರಾತ್ರಿಯಿಂದಲೇ ನೀವೇ ಅವಳ ಹಿಂದೆ ನಿಂತು ಉಜ್ಜಿ. ಬ್ರಷ್ಷನ್ನು ಹಿಂದಿನ ಹಲ್ಲಿನ ಮೇಲೆ ಅಡ್ಡಡ್ಡ ಇಡಿ, ಕೆನ್ನೆಯ ಕಡೆಯಿಂದ. ಆಗ ಆ ಕೆಳಗಿನ ಮೆಟ್ಟಿಲಿಗೂ ತಲುಪುತ್ತದೆ. ಫ್ಲೋರೈಡ್ 1000ದಿಂದ 1500 ಪಿಪಿಎಂ ಇರುವ ಪೇಸ್ಟ್, ಡಬ್ಬದ ಮೇಲೆ ಬರೆದಿರುತ್ತದೆ. ಬಟಾಣಿ ಕಾಳಿನಷ್ಟು ಸಾಕು. ಉಗಿಯಲಿ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸುವುದು ಬೇಡ. ಸಿಹಿ ಒಟ್ಟು ಎಷ್ಟು ತಿಂದಳು ಅನ್ನುವುದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದಳು ಅಂತಲೂ ಲೆಕ್ಕ ಇಡಿ. ಪ್ರತಿ ಸಲವೂ ಬಾಯಿ ಹುಳಿಯಾಗಿ, ಮತ್ತೆ ಸರಿಯಾಗಲು ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ಬೇಕು.

ಎರಡೂ ಚೀಟಿ ತೆಗೆದುಕೊಂಡು ಇಬ್ಬರೂ ಒಂದೇ ದಿನ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋಗಿ, ಈ ವಾರದಲ್ಲೇ. ಮಗಳನ್ನು ಮೊದಲು ಕುರ್ಚಿಯಲ್ಲಿ ಕೂರಿಸಿ. ನಿಮ್ಮ ಮುಖ ಕಿವುಚುವುದನ್ನು ನೋಡಿದ ಮೇಲೆ ಅವಳು ಬಾಯಿ ತೆರೆಯುವುದಿಲ್ಲ.